ಇಪ್ಪತ್ತು ನಿಮಿಷ ಆಫ್ ಮಾಡಬಾರದು

ನಮ್ಮ ಮನೆಗೆ ಯಂತ್ರ ಅನ್ನುವಂಥದ್ದು ಏನೇ ಬಂದರೂ ಹಿರಿಯರೆಲ್ಲ ವಯಸ್ಸಿನ ಸರದಿಯಲ್ಲಿ ಅದನ್ನು ಒಂದೊಂದು ಸಲ ಚಾಲೂ ಮಾಡಿ ನಿಲ್ಲಿಸಬೇಕು. ಮೊದಲ ಕೈ ಮನೆಯವರದೇ ಆಗಬೇಕು, ಪರರದ್ದು ಕೂಡದು. ಬೋರ್‌ವೆಲ್ ಮೋಟರ್ ಕೂರಿಸಿದ ದಿನ ಏಳು ಜನ ಏಳು ಸಲ ಸ್ಟಾರ್ಟರ್ ಒತ್ತಿದರು, ಎಂಟನೆಯವರ ಹೊತ್ತಿಗೆ ಫ್ಯೂಸ್ ಹೋಯಿತು. ಮಿಕ್ಸಿಗೂ ಇದೇ ಮರ್ಯಾದೆ ಸಿಕ್ಕಿದೆ. ಈ ಪದ್ಧತಿಯ ಗುತ್ತಿಗೆ ಹಿಡಿದವರು ನನ್ನ ಸೋದರತ್ತೆ. ನಾಗಲಮಡಿಕೆ ಕಡೆಯ ಹಳ್ಳಿಯಲ್ಲಿ ಕುರಿ ಮೇಯಿಸಿಕೊಂಡು, ತಾಯಿಯಿಲ್ಲದ ನನ್ನನ್ನೂ ಅದೇ ಶಿಸ್ತಿನಲ್ಲಿ ಬೆಳೆಸಿದರು. ಮಧುಗಿರಿಯಲ್ಲಿ ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾಗಿ ಹದಿನಾಲ್ಕು ವರ್ಷವಾಯಿತು. ಅವರೆದುರು ಮಾತ್ರ ನನಗಿನ್ನೂ ನಾಲಿಗೆ ಬಂದಿಲ್ಲ.

ಹೊಟ್ಟೆ ಬಂದು ತಲೆಗೂದಲು ಹೋಗುವ ವಯಸ್ಸಿನಲ್ಲಿ ನನಗೆ ಜೀಪಿನ ಹುಚ್ಚು ಹಿಡಿಯಿತು. ಬಂಡೆ, ಗುಡ್ಡ ಹತ್ತಿಸುವ ಜೀಪು ಸ್ಪರ್ಧೆಗಳಲ್ಲಿ ಭಾಗವಹಿಸಬೇಕು ಅಂತ. ಅತ್ತೆಯ ಹಿತ್ತಲಲ್ಲಿ ಮಾವ ಬಿಟ್ಟುಹೋದ ಹಳೇ ಪೆಟ್ರೋಲ್ ಜೀಪಿತ್ತು. ಕೋಳಿಗಳು ಅದನ್ನು ಹೆರಿಗೆಮನೆ ಮಾಡಿಕೊಂಡಿದ್ದವು. ಅವುಗಳನ್ನು ಒಕ್ಕಲೆಬ್ಬಿಸಿ ಜೀಪನ್ನು ಶಿರಾಕ್ಕೆ ಎಳೆಸಿದೆ. ಅಲ್ಲಿಯ ಮೆಕ್ಯಾನಿಕ್‌ನನ್ನು ಎಲ್ಲರೂ ಭಾಯಿ ಎನ್ನುತ್ತಾರೆ. ಮೂವತ್ತು ವರ್ಷದಿಂದ ಎಂಜಿನ್ ಕಟ್ಟುತ್ತಿರುವವರು. ಜೋರು ಬರಲಿ ಎಂದು ವಾಲ್ವುಗಳನ್ನು ತೆರೆಯುವ ದಂಡವನ್ನೇ ಬದಲಿಸಿ ಎತ್ತರದ ಉಬ್ಬುಗಳಿರುವ ಹೊಸ ಕ್ಯಾಮ್‌ಶಾಫ್ಟ್ ತರಿಸಿ, ವಾಲ್ವುಗಳನ್ನು ಮರಳಿ ಮುಚ್ಚಲು ಅದಕ್ಕೆ ತಕ್ಕ ಗಟ್ಟಿ ಸ್ಪ್ರಿಂಗ್ ಆರಿಸಿ, ಎರಡು ತಿಂಗಳು ಕೂತು ಎಂಜಿನ್ ಜೋಡಿಸಿದರು.

ಅತ್ತೆಯ ಆಜ್ಞೆಯಂತೆ ಅದನ್ನು ಸ್ಟಾರ್ಟ್ ಮಾಡದೆಯೇ ಕೊಡಬೇಕು ಎಂದೆ. ಭಾಯಿಯ ಮುಖ ಹುಳಿಹುಳಿಯಾಯಿತು. ತಾನು ಕಟ್ಟಿದ ಎಂಜಿನ್ನಿನ ದನಿ ಕೇಳದೆ ಅವರು ಯಾವತ್ತೂ ಕಳಿಸಿದವರಲ್ಲ. ಪೂಜೆಯ ದಿನ ಅವರೇ ಬರೋಣವೆಂದರೆ ಅವತ್ತೇ ಅವರ ತಂಗಿ ಮಗಳ ಮದುವೆ. ಕೊನೆಗೆ ನನ್ನ ಭುಜ ಹಿಡಿದು ಹೇಳಿದರು: "ಮೇಷ್ಟ್ರೇ, ಮೊದಲ್ನೇ ಇಪ್ಪತ್ತು ನಿಮಿಷಾನೇ ಇದರ ಜಿಂದಗಿ. ಸ್ಟಾರ್ಟ್ ಆದ ತಕ್ಷಣ ನಿಮಿಷಕ್ಕೆ ಎರಡು ಸಾವಿರ ಸುತ್ತಿಗೆ ಏರಿಸ್ಬುಡಿ. ಐಡಲ್‌ನಲ್ಲಿ ಮೆಲ್ಲಗೆ ಬಿಡೋದು ಬಿಲ್ಕುಲ್ ಬೇಡ. ಪದೇ ಪದೇ ಸೆಲ್ಫ್ ಹೊಡೀಬೇಡಿ. ಇಪ್ಪತ್ತು ನಿಮಿಷ ಆಫ್ ಮಾಡಂಗಿಲ್ಲ."

ಕಾರಣ ಸರಳ. ಕ್ಯಾಮಿನ ಉಬ್ಬುಗಳು ವಾಲ್ವುಗಳನ್ನು ತಳ್ಳುವ ಟ್ಯಾಪೆಟ್ಟುಗಳನ್ನು ಉಜ್ಜಿ ಉಜ್ಜಿ ಮೇಲೆತ್ತುತ್ತವೆ. ಅಲ್ಲಿಗೆ ಆಯಿಲ್ ಬರುವುದು ಕೆಳಗಿನ ಕ್ರ್ಯಾಂಕ್ ದಂಡ ಜೋರಾಗಿ ತಿರುಗಿ ಎರಚಿದರೆ ಮಾತ್ರ. ಹೊಸ ಲೋಹಗಳೆರಡು ಒಂದಕ್ಕೊಂದು ಹೊಂದಿಕೊಳ್ಳುವ ಮೊದಲೇ ಎಂಜಿನ್ ನಿಧಾನವಾಗಿ ತಿರುಗಿದರೆ, ಜೋಡಿಸುವಾಗ ಸವರಿದ ಗ್ರೀಸು ಒರೆಸಿಹೋಗಿ ಉಬ್ಬು ಸವೆಯುತ್ತದೆ. ಎಂಟನೇ ಕ್ಲಾಸಿಗೆ ಘರ್ಷಣೆಯ ಪಾಠ ಮಾಡುವವನಿಗೆ ಇದು ಅರ್ಥವಾಗದೆ ಇರುತ್ತದೆಯೇ?

ಎಳೆಸಿಕೊಂಡೇ ತಂದ ಜೀಪಿಗೆ ಮಧುಗಿರಿಯ ನನ್ನ ಮನೆ ಮುಂದೆ ಅರಿಶಿನ ಕುಂಕುಮ ಮೆತ್ತಿ ಅತ್ತೆ ಮೊದಲು ಕೀ ತಿರುಗಿಸಿದರು. ನಾನು ಪಕ್ಕದಿಂದ ಕಾಲು ಚಾಚಿ ಆಕ್ಸಿಲರೇಟರ್ ತುಳಿದೆ. ಎಂಜಿನ್ ಗರ್ಜಿಸಿತು, ಆರತಿ ಆರಿತು.

"ಏಮಿ ರಾ ಇದು?" ಎಂದರು ಅತ್ತೆ. "ಈಗ್ ಉಟ್ಟಿದ್ ಮಗೀನ ಯಾರಾದ್ರೂ ಓಡಿಸ್ತಾರೇನ್ಲಾ? ಮೆಲ್ಲಗೆ ಬುಡು."

ನಾನು ಕಾಲು ತೆಗೆದೆ. ಅತ್ತೆ ಆಫ್ ಮಾಡಿದರು, ದೊಡ್ಡಪ್ಪ ಆನ್ ಮಾಡಿದರು. ದೊಡ್ಡಪ್ಪ ಆಫ್ ಮಾಡಿದರು, ದೊಡ್ಡಮ್ಮ ಆನ್ ಮಾಡಿದರು. ಒಟ್ಟು ಒಂಬತ್ತು ಕೈ. ಆಮೇಲೆ ಇನ್ನೊಮ್ಮೆ ಚಾಲೂ ಆದ ಎಂಜಿನ್, ಎಲ್ಲರೂ ಕೋಸಂಬರಿ ತಿಂದು ಮುಗಿಸುವ ತನಕ ಸಣ್ಣಗೆ ಗುರುಗುಟ್ಟುತ್ತ ಸಾಯುತ್ತಿತ್ತು. ವಿಜ್ಞಾನದ ಮೇಷ್ಟ್ರು ದೊನ್ನೆ ಹಂಚುತ್ತಿದ್ದರು.

ಮೂರನೇ ವಾರ ಕೊರಟಗೆರೆ ರಸ್ತೆಯ ಏರಿನಲ್ಲಿ ಟಿಕ್ ಟಿಕ್ ಸದ್ದು ಶುರುವಾಗಿ ಜೀಪಿನ ಉಸಿರು ಬತ್ತಿತು. ಭಾಯಿ ಬಿಚ್ಚಿ ನೋಡಿದರೆ ಆಯಿಲ್ಲಿನಲ್ಲಿ ಕಬ್ಬಿಣದ ಪುಡಿ ಮಿನುಗುತ್ತಿತ್ತು. ಮೂರು ಉಬ್ಬುಗಳು ಸವೆದು ಗುಂಡಗಾಗಿದ್ದವು.

"ಇಪ್ಪತ್ತು ನಿಮಿಷ ಓಡಿಸಿದ್ರಲ್ವಾ ಮೇಷ್ಟ್ರೇ?"

"ಓಡಿಸಿದ್ವಿ," ಎಂದೆ.

ಅವರು ನಂಬಿಬಿಟ್ಟರು. ಮೇಷ್ಟ್ರು ಸುಳ್ಳು ಹೇಳುತ್ತಾರೆಂದು ಯಾರು ಎಣಿಸುತ್ತಾರೆ? ಸವೆದ ಕ್ಯಾಮನ್ನು ಬೆರಳಲ್ಲಿ ಸವರುತ್ತ, "ಹಂಗಾದ್ರೆ ಸ್ಪ್ರಿಂಗ್ ಬಾಳ ಗಟ್ಟಿ ಆಗಿ ಕ್ಯಾಮ್ ತಿಂದೈತೆ, ಆರಿಸಿದ್ದು ನಂದೇ ತಪ್ಪು. ಕೈಯಲ್ಲಿ ಅಂದಾಜು ಹೋಗ್ತಾ ಐತೆ, ವಯಸ್ಸಾಯ್ತು," ಎಂದರು. ಅತ್ತ ಅತ್ತೆ, ಶಿರಾದವನು ಎಂಜಿನ್ ಕೆಡಿಸಿದ ಅಂತ ಪಾವಗಡದ ನೆಂಟರಿಗೆಲ್ಲ ಸಾರಿದರು. ನಮ್ಮವರ ಎರಡು ಟ್ರ್ಯಾಕ್ಟರುಗಳು ಭಾಯಿಯ ಶೆಡ್ಡಿನ ದಾರಿ ಬಿಟ್ಟವು. ಇನ್ನು ದೊಡ್ಡ ಎಂಜಿನ್ ಕೆಲಸ ಒಪ್ಪಿಕೊಳ್ಳುವುದಿಲ್ಲ, ನಿಮ್ಮದೇ ಕೊನೆಯದು ಎಂದು ಭಾಯಿ ನನಗೇ ಹೇಳಿದರು. ನಾನು ತಲೆಯಾಡಿಸಿ ಅವರು ತರಿಸಿದ ಚಹಾ ಕುಡಿದೆ. ಅಂಥ ಹೇಡಿ ನಾನು.

ಹೊಸ ಕ್ಯಾಮ್ ಹಾಕಿ ಎರಡನೇ ಸಲ ಎಂಜಿನ್ ಜೋಡಿಸಿ ಮುಗಿದಾಗ ಭಾಯಿ ಹಟ ಹಿಡಿದರು: ಮೊದಲ ಸ್ಟಾರ್ಟ್ ಶಿರಾದಲ್ಲೇ, ಅವರ ಕಣ್ಣೆದುರೇ. ಮೊದಲ ಕೈ ಬಿಡಲೊಲ್ಲದ ಅತ್ತೆ ಬಸ್ಸು ಹತ್ತಿ ಬಂದರು. ತನ್ನ ಅಂದಾಜಿನ ಮೇಲೆ ನಂಬಿಕೆ ಹೋಗಿದ್ದ ಭಾಯಿ ಈ ಸಲ ಒಂದರೊಳಗೊಂದು ಕೂರುವ ಜೋಡಿ ಸ್ಪ್ರಿಂಗುಗಳಲ್ಲಿ ಒಳಗಿನವನ್ನು ತೆಗೆದಿಟ್ಟು ಒತ್ತಡ ಇಳಿಸಿ, ಕ್ಯಾಮಿಗೆ ಕಪ್ಪು ಗ್ರೀಸು ಬಳಿದು, ಡ್ರಿಲ್ ಮಷೀನಿನಿಂದ ಆಯಿಲ್ ಪಂಪ್ ತಿರುಗಿಸಿ ಆಯಿಲ್ ಮೇಲೆ ಬಂದದ್ದನ್ನು ಎರಡೆರಡು ಸಲ ನೋಡಿದರು. ಅತ್ತೆ ಕೀ ತಿರುಗಿಸಿದರು. ಭಾಯಿ ತಕ್ಷಣ ಸುತ್ತು ಏರಿಸಿದರು. ಶೆಡ್ಡಿನ ತಗಡು ಕುಣಿಯಿತು. ಪದ್ಧತಿಯಂತೆ ಆಫ್ ಮಾಡಲು ಅತ್ತೆ ಕೈ ಚಾಚಿದರು.

"ಮುಟ್ಬೇಡ ಅತ್ತೆ," ಎಂದು ಅವರ ಮಣಿಕಟ್ಟು ಹಿಡಿದುಕೊಂಡೆ.

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆದರೂ ನಾನು ಕೈ ಬಿಡಲಿಲ್ಲ. ಆ ಗದ್ದಲದಲ್ಲೇ ಹೇಳಿ ಮುಗಿಸೋಣ, ಯಾರಿಗೂ ಕೇಳಿಸದು ಎಂಬ ಧೈರ್ಯದಲ್ಲಿ ಭಾಯಿಯ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಒದರಿದೆ. ಅವರು ಕೇಳಿಸಲಿಲ್ಲವೆಂದು ಕಿವಿ ತೋರಿಸಿ, ಇರಿ ಎಂದು ಕೈಸನ್ನೆ ಮಾಡಿ, ಮತ್ತೆ ಎಂಜಿನ್ನಿನ ಕಡೆ ಬಾಗಿದರು. ಇಪ್ಪತ್ತು ನಿಮಿಷ ಇಷ್ಟು ಉದ್ದ ಇರುತ್ತದೆಂದು ನನಗೆ ಯಾವ ಪಾಠವೂ ಹೇಳಿರಲಿಲ್ಲ.

ಎಂಜಿನ್ ನಿಂತಿತು. ಕವರ್ ಬಿಚ್ಚಿ ಟ್ಯಾಪೆಟ್ಟುಗಳನ್ನು ಒಂದೊಂದಾಗಿ ನೋಡಿದ ಭಾಯಿ ಅತ್ತೆಯ ಕಡೆ ತಿರುಗಿದರು. "ಈ ಸಲ ಸರಿಯಾಯ್ತಮ್ಮ. ಹೋದ್ಸಲದ್ದು ಮಾಫ್ ಮಾಡಿ, ನನ್ನ ತಪ್ಪು."

ಶೆಡ್ಡಿನಲ್ಲಿ ಈಗ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಹೇಳಿದೆ. ಅವತ್ತು ಇಪ್ಪತ್ತು ನಿಮಿಷ ಓಡಿಸಲಿಲ್ಲ, ಒಂಬತ್ತು ಸಲ ಆಫ್ ಮಾಡಿದೆವು, ಗೊತ್ತಿದ್ದೂ ಸುಮ್ಮನಿದ್ದೆ, ಆಮೇಲೆ ಸುಳ್ಳು ಹೇಳಿದೆ.

ಅತ್ತೆ, "ಇಷ್ಟ್ ದಿನ ಊರೂರಿಗೆ ನನ್ ಬಾಯಾಗೆ ಸುಳ್ಳು ಏಳಿಸಿದ್ಯಲ್ಲೋ," ಎಂದು ಸೊಂಟದ ಚೀಲದಿಂದ ಫೋನ್ ತೆಗೆದು, ಟ್ರ್ಯಾಕ್ಟರಿನ ನೆಂಟನಿಗೆ ಅಲ್ಲೇ ನಿಂತು ಫೋನ್ ಹಚ್ಚಿದರು.

ಭಾಯಿ ಬಯ್ಯುತ್ತಾರೆ ಎಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು. ಅವರು ಮೂಲೆಯಲ್ಲಿ ತೆಗೆದಿಟ್ಟಿದ್ದ ಸ್ಪ್ರಿಂಗೊಂದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಹಂಗಾದ್ರೆ ನನ್ನ ಅಂದಾಜು ಸರಿ ಇತ್ತು," ಎಂದರು, ನನಗಲ್ಲ, ತಮಗೇ. ಇನ್ನೊಂದು ಸಲ ಒತ್ತಿ ಮತ್ತೆ, "ಸರೀನೇ ಇತ್ತು."