ಮೂರನೆಯ ಸಲ ಕೇಳುವವಳು

ಸಿರಿಯಾ ಬಿಟ್ಟು ಕೆನಡಾದ ಹ್ಯಾಲಿಫ್ಯಾಕ್ಸ್ ಸೇರಿದವರು ಆಸ್ಪತ್ರೆಗೆ ಹೋಗುವಾಗ ದರ್ಜಿ ರುದೈನಾಳನ್ನು ಜೊತೆಗೆ ಕರೆಯುತ್ತಿದ್ದರು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ತನ್ನ ಜನ ಗೊತ್ತಿದ್ದರು.

ಅಂದು ಮುದುಕರಾದ ಅಬು ನಿಜಾರ್ ಅವರನ್ನು ಡಾಕ್ಟರು ಎದೆನೋವಿದೆಯೇ ಎಂದು ಕೇಳಿದರು.

"ದೇವರ ದಯೆ, ಚೆನ್ನಾಗಿದ್ದೀನಿ."

ರುದೈನಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಡಾಕ್ಟರು ಫೈಲು ಮುಚ್ಚತೊಡಗಿದರು.

"ಸ್ವಲ್ಪ ತಾಳಿ," ಎಂದಳು ರುದೈನಾ. "ನಮ್ಮಲ್ಲಿ ಕಾಫಿ ಕೊಟ್ರೂ ಎರಡು ಸಲ ಬೇಡ ಅಂತಾರೆ, ಮೂರನೇ ಸಲಕ್ಕೇ ತಗೊಳ್ಳೋದು. ನೋವನ್ನ ಒಂದೇ ಸಲಕ್ಕೆ ಹೇಳ್ತಾರಾ?" ಮುದುಕರತ್ತ ತಿರುಗಿದಳು. "ಚಿಕ್ಕಪ್ಪ, ರೊಟ್ಟಿ ತರೋಕೆ ಈಗ ಯಾರು ಹೋಗ್ತಾರೆ?"

"ಸೊಸೆ. ನಾನಾದ್ರೆ ಮೆಟ್ಟಿಲ ಮೇಲೆ ಮೂರು ಸಲ ಕೂರಬೇಕು ಕಣಮ್ಮಾ, ಎದೆ ಹಿಂಡುತ್ತೆ."

ಅವಳು ಒಂದಕ್ಷರ ಬಿಡದೆ ಅದನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಡಾಕ್ಟರು ತಟ್ಟನೆ ಸ್ಟೆತಾಸ್ಕೋಪು ಹಿಡಿದು ಎದ್ದು ಬಂದರು.

"ನನ್ನ ಮಾನ ಕಳೆದುಬಿಟ್ಟೆ ಕಣೇ," ಮುದುಕರು ಗೊಣಗಿದರು.

"ಮಾನ ಎಲ್ಲೂ ಹೋಗಲ್ಲ ಚಿಕ್ಕಪ್ಪ. ಅಂಗಿ ನಾನೇ ಹೊಲಿದದ್ದು, ಗುಂಡಿ ಬಿಚ್ಚಿ."