ಸೀಮೆಸುಣ್ಣದ ಚೂರು ಕೇಳುವ ಸಾಹೇಬರು

ವಯಸ್ಕರ ಶಿಕ್ಷಣದ ಅನುದಾನ ನೋಡಿಕೊಳ್ಳುವ ಸಾಹೇಬರಿಗೆ ಟೀಚರಮ್ಮ ಇಟ್ಟ ಹೆಸರು ಜುಗ್ಗಪ್ಪ. ಹೊಸ ಸೀಮೆಸುಣ್ಣ ಬೇಕೆಂದರೆ ಹಳೆಯದರ ಚೂರು ತೋರಿಸಬೇಕು. ಅದು ಎರಡು ಬೆರಳಿಗೆ ಸಿಗುವಷ್ಟಿದ್ದರೂ ಸಾಕು, "ಇನ್ನೂ ಎರಡು ದಿನ ಬರುತ್ತಲ್ಲಮ್ಮ" ಎಂದು ವಾಪಸ್ ಕೊಡುತ್ತಾರೆ. ಬೆಂಚು ಕೇಳಿದರೆ ಚಾಪೆ, ಚಾಪೆ ಕೇಳಿದರೆ ಉಪದೇಶ. ಈ ವರ್ಷ ಮೇಲಿನವರು ಅನುದಾನವನ್ನು ಮೊದಲು ಅರ್ಧ ಮಾಡಿದರು, ಆಮೇಲೆ ನಿಲ್ಲಿಸಿಯೇ ಬಿಟ್ಟರು. ಸಾಹೇಬರು ಹೀಗೆ ಜುಗ್ಗತನದಿಂದ ಉಳಿಸಿಟ್ಟಿದ್ದ ಹಣದಲ್ಲೇ ಎಲ್ಲ ತರಗತಿಗಳೂ ನಡೆದವು. ಉಪಕಾರವಾಯಿತು ಎನ್ನಲು ಹೋದ ಟೀಚರಮ್ಮನಿಗೆ, "ನನಗೆ ಕಲಿಸಿದವರೂ ನನ್ನನ್ನು ಅರ್ಧಕ್ಕೆ ಬಿಡಲಿಲ್ಲವಲ್ಲಮ್ಮ" ಎಂದು ಗೊಣಗಿ, ಸೀಮೆಸುಣ್ಣದ ಚೀಟಿಗೆ ಸಹಿ ಹಾಕತೊಡಗಿದರು. ಆಕೆ ಆಗಲೇ ಗಮನಿಸಿದ್ದು: ತನ್ನ ತರಗತಿಯ ತಲೆನರೆತ ವಿದ್ಯಾರ್ಥಿಗಳಂತೆಯೇ, ಸಾಹೇಬರು ತಮ್ಮ ಹೆಸರಿನ ಒಂದೊಂದೇ ಅಕ್ಷರವನ್ನು ತುಟಿಯಲ್ಲೇ ಹೇಳಿಕೊಂಡು ಬರೆಯುತ್ತಿದ್ದರು.