ಪೇರಲ ವಡಿಗೆ ಹಾಕಿದ ಬಣ್ಣ

ಈ ಹುಡುಗಿ ಕಾಲೇಜು ಕಲಿಯುವುದು ಆಗದ ಮಾತು ಎಂದು ಹೇಳಿದವರು ನಮ್ಮ ದೊಡ್ಡಪ್ಪ. ತಿಕೋಟಾದ ನಮ್ಮ ಮನೆಯ ಕಟ್ಟೆಯ ಮೇಲೆ ನಾಲ್ಕು ಮಂದಿಯನ್ನು ಕೂಡಿಸಿಕೊಂಡು, ನಾನು ನೀರಿನ ತಂಬಿಗೆ ತಂದಿಡುವ ಹೊತ್ತಿಗೇ ಹೇಳಿದರು: "ನಮ್ಮ ಮನ್ಯಾಗ ಗಂಡಸರೂ ಸಾಲಿ ಕಟ್ಟಿ ಹತ್ತಿಲ್ಲ. ಈಕಿ ವಿಜಾಪುರಕ್ಕ ಹೋಗಿ ಬಿ.ಎ. ಮಾಡ್ತಾಳಂತ. ಬರದು ಇಟಗೋರಿ, ಅದು ಆಗೂದಲ್ಲ." ಬರೆದಿಟ್ಟುಕೊಳ್ಳಲು ಅಲ್ಲಿದ್ದವರಲ್ಲಿ ಯಾರಿಗೂ ಅಕ್ಷರ ಬರುತ್ತಿರಲಿಲ್ಲ.

ಅದು ಆಯಿತು. ನಾನು ಬಿ.ಎ. ಪಾಸಾದೆ. ನಮ್ಮ ಮನೆತನದಲ್ಲಿ ಮೊದಲು, ನಮ್ಮ ಓಣಿಯಲ್ಲಿಯೂ ಮೊದಲು. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ, ಕಷ್ಟಪಟ್ಟು ಗಳಿಸಿದ್ದು. ನಾಚಿಕೆ ಇರುವುದು ಬೇರೆ ಕಡೆ. ಆ ಓದಿನ ಬಾಗಿಲು ನನಗೆ ತೆರೆದ ದಿನ ನಾನು ಏನು ಮಾಡಿದೆ ಎಂಬುದನ್ನು ಈವರೆಗೆ ಎಲ್ಲಿಯೂ ಬರೆದಿಲ್ಲ.

ಅವ್ವ, ಅಪ್ಪ ಇಬ್ಬರೂ ನನಗೆ ನೆನಪು ಕೂಡುವ ಮೊದಲೇ ತೀರಿದ್ದರು. ಸಾಕಿದವಳು ಅತ್ತೆ, ಅಪ್ಪನ ತಂಗಿ. ಗಂಡ ಸತ್ತ ಮೇಲೆ ತವರಿಗೆ ಬಂದು ದೊಡ್ಡಪ್ಪನ ಮನೆಯಲ್ಲಿ ದುಡಿದು ತಿನ್ನುತ್ತಿದ್ದಳು. ಅವಳ ಕೈಯಲ್ಲಿ ಒಂದು ವಿದ್ಯೆ ಇತ್ತು. ಹಣ್ಣಿನಿಂದ ಮಕ್ಕಳು ಕಾಡಿ ಬೇಡುವಂಥ ತಿನಿಸು ಮಾಡುತ್ತಿದ್ದಳು. ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು, ಒಂದಿಷ್ಟು ಖಾರ ಕುಟ್ಟಿ, ಉಂಡೆ ಕಟ್ಟಿ, ಕಡ್ಡಿಗೆ ಚುಚ್ಚಿದರೆ ಚಿಗಳಿ. ಅದನ್ನು ಎಲ್ಲರೂ ಮಾಡುತ್ತಿದ್ದರು. ಅವಳದೇ ಆದದ್ದು ಪೇರಲ ವಡಿ. ಹೊನವಾಡದ ಕಡೆಯಿಂದ ಸಂತೆಗೆ ಬರುವ ಹಣ್ಣಾದ ಪೇರಲವನ್ನು ಹೋಳು ಮಾಡಿ ಕುದಿಸುವುದು, ಹಳೆಯ ಧೋತರದ ಬಟ್ಟೆಯಲ್ಲಿ ಹಿಂಡಿ ಬೀಜ ಬೇರೆ ಮಾಡುವುದು, ಕಲಾಯಿ ಬೋಗುಣಿಯಲ್ಲಿ ಬೆಲ್ಲ ಹಾಕಿ ಮರದ ಹುಟ್ಟಿನಿಂದ ತಿರುವುತ್ತಾ ನಿಲ್ಲುವುದು. ಮುದ್ದೆ ತಳ ಬಿಟ್ಟು ಹುಟ್ಟಿನ ಬೆನ್ನು ಹತ್ತಿ ಬರುವ ತನಕ ಅವಳು ಮಾತಾಡುತ್ತಿರಲಿಲ್ಲ. ಆಮೇಲೆ ತುಪ್ಪ ಸವರಿದ ಪರಾತದಲ್ಲಿ ಹರವಿ, ಶಂಕರಪಾಳಿಯ ಹಾಗೆ ಓರೆಯಾಗಿ ಕೊಯ್ಯುತ್ತಿದ್ದಳು. ಹಲ್ಲಿಗೆ ಅಂಟಿ ಎಳೆದರೆ ಎಳೆ ಬರುತ್ತಿತ್ತು. ಒಂದು ವಡಿ ಬಾಯಲ್ಲಿ ಅರ್ಧ ಗಂಟೆ ಇರುತ್ತಿತ್ತು.

ನಮ್ಮ ಕಡೆ ಸಂಕ್ರಮಣದಿಂದ ರಥಸಪ್ತಮಿಯವರೆಗೆ ಸಣ್ಣ ಮಕ್ಕಳಿಗೆ ಹಣ್ಣೆರೆಯುವ ರೂಢಿ ಇದೆ. ಮಗುವಿಗೆ ಕರಿ ಅಂಗಿ ತೊಡಿಸಿ ಮಣೆಯ ಮೇಲೆ ಕೂಡಿಸುತ್ತಾರೆ. ಮುತ್ತೈದೆಯರು ಬಾರಿಹಣ್ಣು, ಕಬ್ಬಿನ ಚೂರು, ಹಸಿ ಕಡಲೆಯ ಸುಲಿಗಾಯಿ, ಚುರುಮುರಿ ಎಲ್ಲವನ್ನೂ ಕೂಡಿಸಿ ಅದರ ತಲೆಯ ಮೇಲೆ ಸುರಿಯುತ್ತಾರೆ. ಸುತ್ತ ಕಾದು ಕುಳಿತ ಓಣಿಯ ಮಕ್ಕಳೆಲ್ಲ ಬಿದ್ದೆದ್ದು ಆರಿಸಿಕೊಳ್ಳುತ್ತಾರೆ. ಆ ರಾಶಿಯಲ್ಲಿ ಅತ್ತೆಯ ವಡಿ ಇದ್ದರೆ ಮಕ್ಕಳು ಬೇರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ವಿಧವೆಯಾದ್ದರಿಂದ ಅವಳು ಮುಂದೆ ಬಂದು ಎರೆಯುವ ಹಾಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾವ ಮಗು ಯಾವುದಕ್ಕೆ ಕೈ ಹಾಕುತ್ತದೆ ಎಂದು ನೋಡುತ್ತಿದ್ದಳು. ಅಷ್ಟೇ ಅವಳ ಹಬ್ಬ.

ಬಬಲೇಶ್ವರದ ಒಂದು ದೊಡ್ಡ ಮನೆಯವರು ಪ್ರತಿ ವರ್ಷ ವಡಿ ಮಾಡಿಕೊಂಡು ಬಾ ಎಂದು ಅವಳನ್ನು ಕರೆಸುತ್ತಿದ್ದರು. ಆ ಮನೆಯೊಡತಿಯ ತವರು ನಮ್ಮ ತಿಕೋಟಾ. ಯಜಮಾನರ ಮಾತು ವಿಜಾಪುರದ ಹೆಣ್ಣುಮಕ್ಕಳ ಉಚಿತ ಬೋರ್ಡಿಂಗಿನಲ್ಲಿ ನಡೆಯುತ್ತಿತ್ತು. ಅವರು ಒಂದು ಚೀಟಿ ಬರೆದುಕೊಟ್ಟರೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ ನಾನು ಅಲ್ಲಿದ್ದು ಹೈಸ್ಕೂಲು ಕಲಿಯಬಹುದಿತ್ತು. ಇಲ್ಲವಾದರೆ ಓದು ಅಲ್ಲಿಗೇ ಮುಗಿಯಿತು. ದೊಡ್ಡಪ್ಪ ಆಗಲೇ ಗಂಡು ನೋಡುತ್ತಿದ್ದರು. ಅತ್ತೆ ಎರಡು ವರ್ಷದಿಂದ ಆ ಚೀಟಿಯ ಮಾತನ್ನು ಒಡತಿಯ ಕಿವಿಗೆ ಹಾಕುತ್ತಾ ಬಂದಿದ್ದಳು. ಅರವತ್ತನೆಯ ಇಸವಿಯ ಸಂಕ್ರಮಣಕ್ಕೆ, ಮೊಮ್ಮಗನಿಗೆ ಹಣ್ಣೆರೆಯುವ ದಿನ ಹುಡುಗಿಯನ್ನೂ ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದರು.

ಅದರ ಹಿಂದಿನ ವರ್ಷ ಅದೇ ಮನೆಯ ಒಬ್ಬ ಸೊಸೆ ಅತ್ತೆಯ ವಡಿಯನ್ನು ನೋಡಿ ನಕ್ಕಿದ್ದಳು. "ರುಚಿ ಏನೋ ಐತಿ ಬೇ. ಆದ್ರ ನೋಡಾಕ ಕುಳ್ಳಿನ ಚೂರು ಇದ್ದಂಗ ಐತಿ." ಮನೆಗೆ ಬಂದು ಇದನ್ನು ಹೇಳುವಾಗ ಅತ್ತೆಯೂ ನಕ್ಕಿದ್ದಳು. ಸಗಣಿಯ ಬೆರಣಿಗೆ ಹೋಲಿಸಿದ್ದು ನನಗೆ ಚುಚ್ಚಿತ್ತು. ಸಾಲೆಯಿಂದ ವಿಜಾಪುರಕ್ಕೆ ಗೋಳಗುಮ್ಮಟ ನೋಡಲು ಕರೆದೊಯ್ದಾಗ ಗಾಂಧಿ ಚೌಕದ ಹತ್ತಿರ ಒಂದು ಅಂಗಡಿಯ ಗಾಜಿನ ಬರಣಿಗಳಲ್ಲಿ ಕೆಂಪು, ಹಸಿರು, ಹಳದಿ ಸಕ್ಕರೆ ಗೋಲಿಗಳನ್ನು ಕಂಡಿದ್ದೆ. ಬೆಳಕು ಅವುಗಳ ಒಳಗಿನಿಂದ ಹಾಯ್ದು ಬರುತ್ತಿತ್ತು. ನಮ್ಮ ವಡಿಯೂ ಹಾಗೆ ಕಾಣಬೇಕು ಎಂಬ ಹಟ ಹಿಡಿಯಿತು. ಓದುವ ಹುಡುಗಿಯ ಮನೆಯಿಂದ ಕುಳ್ಳಿನ ಬಣ್ಣದ ತಿನಿಸು ಹೋಗಬಾರದು, ಇಷ್ಟೇ ನನ್ನ ತಲೆಯಲ್ಲಿ.

ತಿಕೋಟಾದ ಸಂತೆಯಲ್ಲಿ ಸೂಜಿ, ದಾರ, ಬಳೆ ಮಾರುವವನ ಹತ್ತಿರ ಕೆಂಪು ಬಣ್ಣ ಕೇಳಿದೆ. ಒಂದು ಸಣ್ಣ ಪೊಟ್ಟಣ ಕೊಟ್ಟ. ಮೇಲೆ ಹೂವಿನ ಚಿತ್ರ, ಕೆಳಗೆ ಇಂಗ್ಲಿಷ್ ಅಕ್ಷರ. ಎದಕ್ಕೆ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅತ್ತೆ ಒಲೆಯ ಮುಂದೆ ಪೇರಲದ ಹೋಳು ಕುದಿಸುತ್ತಿದ್ದಳು. "ಇದು ಎಂಥಾದ್ದ ಬೇ?"

"ಬಣ್ಣ, ಅತ್ತಿ. ವಿಜಾಪುರದ ಅಂಗಡ್ಯಾಗ ಹಿಂತಾದ್ದ ಹಾಕಿ ಮಾಡ್ತಾರ."

"ಪೇರಲಕ್ಕ ಪೇರಲದ್ದ ಬಣ್ಣ ಇರಲಿ ಬಿಡು."

"ಹೋದ ವರ್ಷ ಆಕಿ ಏನಂದಳು, ಮರತಿಯೇನು? ಕುಳ್ಳಿನ ಚೂರಂತ."

ಅವಳು ಹುಟ್ಟು ತಿರುವುವುದನ್ನು ನಿಲ್ಲಿಸಲಿಲ್ಲ. ತಿರುವುತ್ತಲೇ ಅಂದಳು: "ಮ್ಯಾಲ ಏನ ಬರದಾರ, ಓದು. ತಿನ್ನೂದು ಹೌದಿಲ್ಲೋ ನೋಡು."

ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ನನಗೆ ಗೊತ್ತಿದ್ದವು. ಕೂಡಿಸಿ ಓದಲು ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಹೇಳಿದ್ದರೆ ಅತ್ತೆ ಪೊಟ್ಟಣವನ್ನು ಬದಿಗಿಡುತ್ತಿದ್ದಳು, ಅಷ್ಟೇ. ಆದರೆ ನಮ್ಮ ಮನೆಯಲ್ಲಿ ಓದು ಬರುವವಳು ನಾನೊಬ್ಬಳೇ. ಓದಲು ಬಾರದ್ದು ಒಂದಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಕ್ಷರದ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಎಡದಿಂದ ಬಲಕ್ಕೆ ಹೋದೆ.

"ತಿನ್ನೂ ಬಣ್ಣ ಅಂತ ಬರದಾರ, ಅತ್ತಿ. ಸಿಹಿ ಮಾಡೋರ ಸಲುವಾಗಿ ಅಂತ."

ಎರಡನೆಯ ಮಾತನ್ನು ಯಾಕೆ ಸೇರಿಸಿದೆನೋ. ಮೊದಲನೆಯದು ಖರೆ ಕಾಣಲಿ ಎಂದಿರಬೇಕು. ಅತ್ತೆಯ ಮುಖ ಅರಳಿತು. ಬಾಗಿಲಿಗೆ ಹೋಗಿ ಬಾಜೂ ಮನೆಯವಳನ್ನು ಕೂಗಿದಳು: "ಏನ ಬೇ, ಕೇಳಿದೇನು? ನಮ್ಮ ಹುಡುಗಿ ಇಂಗ್ರೇಜಿ ಓದಾಕತ್ತೈತಿ!"

ಆ ಪುಡಿ ನೋಡಲು ಹಸಿರು, ಜೀರುಂಡೆಯ ಬೆನ್ನಿನ ಹಾಗೆ ಮಿಂಚುತ್ತಿತ್ತು. ನೀರು ತಾಗಿದ್ದೇ ಕಡುಗೆಂಪು. ಚಿಟಿಕೆ ಹಾಕಿದರೆ ಇಡೀ ಬೋಗುಣಿ ಕೆಂಪಾಯಿತು. ಪರಾತದಲ್ಲಿ ಹರವಿದಾಗ ಮಾಣಿಕದ ಹಾಗೆ ಕಾಣುತ್ತಿದ್ದುದು ಸುಳ್ಳಲ್ಲ. ಕೊಯ್ದು ಮುಗಿಸಿದ ಅತ್ತೆಯ ಎರಡೂ ಅಂಗೈ ಕೆಂಪಾಗಿದ್ದವು. ಬೂದಿ ಹಚ್ಚಿದಳು, ಹುಣಸೆಹಣ್ಣು ಹಚ್ಚಿದಳು. "ಹೋಗವಲ್ದಲಾ ಇದು?" ಅಂದಳು.

"ವಿಜಾಪುರದ ಬಣ್ಣ ಹಂಗಽ ಇರತಾವ," ಅಂದೆ. ನನ್ನ ಬಲಗೈಯ ಹೆಬ್ಬೆರಳೂ ಕೆಂಪಾಗಿತ್ತು.

ಮರುದಿನ ಬಬಲೇಶ್ವರದಿಂದ ಚಕ್ಕಡಿ ಗಾಡಿ ಬಂತು. ಅಲ್ಲಿ ಮುಟ್ಟಿದ ಕೂಡಲೇ ಯಜಮಾನರು ನನ್ನನ್ನು ಕರೆದು ಮಗ್ಗಿ ಕೇಳಿದರು, ಪತ್ರಿಕೆಯ ಒಂದು ತುಂಡು ಓದಿಸಿದರು. ಕನ್ನಡ, ನೀರು ಹರಿದ ಹಾಗೆ ಓದಿದೆ. "ಹುಡುಗಿ ಶ್ಯಾಣ್ಯಾ ಅದಾಳ," ಎಂದು ಅಲ್ಲಿಯೇ ಚೀಟಿ ಬರೆದುಕೊಟ್ಟರು. ಅತ್ತೆ ದೂರದಿಂದಲೇ ಅವರ ಕಡೆಗೆ ಕೈಮುಗಿದು ಕಣ್ಣೊರೆಸಿಕೊಂಡಳು. ಚೀಟಿಯನ್ನು ನಾನು ಬಟ್ಟೆಯ ಚೀಲದೊಳಗಿಟ್ಟೆ.

ಸಂಜೆ ಪಡಸಾಲೆಯಲ್ಲಿ ಮೂವತ್ತು ಮಕ್ಕಳಾದರೂ ಕೂಡಿದ್ದರು. ಮೊಮ್ಮಗನ ತಲೆಯ ಮೇಲೆ ಹಣ್ಣು ಸುರಿದರು. ಕೆಂಪು ವಡಿ ಕಂಡದ್ದೇ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಕುಳ್ಳಿನ ಚೂರು ಎಂದಿದ್ದ ಸೊಸೆಯೂ ಒಂದನ್ನು ಬಾಯಿಗೆ ಹಾಕಿಕೊಂಡು, "ಈ ಸರತಿ ಭಾಳ ಛಂದ ಆಗ್ಯಾವ ನೋಡ್ರಿ!" ಅಂದಳು. ಹಿಗ್ಗಿಗೆ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ಹತ್ತು ನಿಮಿಷ ಆಗಿರಬಹುದು. ಒಂದು ಹುಡುಗಿ ಅವ್ವನ ಸೆರಗಿಗೆ ಬಾಯಿ ಒರೆಸಿತು. ಆ ಹೆಂಗಸು ಚೀರಿದಳು: "ಅಯ್ಯ ಯಪ್ಪಾ, ರಕ್ತ! ಕೂಸಿನ ಬಾಯಾಗ ರಕ್ತ!" ನೋಡಿದರೆ ಎಲ್ಲ ಮಕ್ಕಳ ಬಾಯಿ, ಗದ್ದ, ಕೈ, ಹಬ್ಬಕ್ಕೆಂದು ತೊಡಿಸಿದ ಹೊಸ ಅಂಗಿ, ಎಲ್ಲಾ ಕೆಂಪು. ಸೊಸೆಯ ಹಲ್ಲೂ ಕೆಂಪು. ಬಾಯಿ ಮುಕ್ಕಳಿಸಿದರು, ಎಣ್ಣೆ ಹಚ್ಚಿದರು. ಬಣ್ಣ ಇನ್ನೂ ಹರಡಿತು. ಇಬ್ಬರು ಮೂವರು ವಾಂತಿ ಮಾಡಿಕೊಂಡರು. ಅವರಲ್ಲಿ ಮೊಮ್ಮಗನೂ ಒಬ್ಬ. ಊರಿನ ವೈದ್ಯರು ಬಂದು, ಜೀವಕ್ಕೇನೂ ಆಗುವುದಿಲ್ಲ, ಆದರೆ ಇದು ನೂಲಿಗೆ ಹಾಕುವ ಬಣ್ಣ ಎಂದು ಹೇಳಿ ಹೋದರು.

ಒಡತಿ ಅಡುಗೆಮನೆಯ ಬಾಗಿಲಿಗೆ ಬಂದರು. "ಯಾರು ಹಾಕಿದ್ದು ಇದನ್ನ?"

ಅತ್ತೆ ನನ್ನ ಕಡೆ ಒಮ್ಮೆ ನೋಡಿದಳು. ಸಿಟ್ಟಿನಿಂದಲ್ಲ. ನಾನು ಹೇಳುತ್ತೇನೋ ಇಲ್ಲವೋ ಎಂದು ಕಾಯುವ ನೋಟ. ಚೀಲವನ್ನು ಎದೆಗವಚಿಕೊಂಡಿದ್ದೆ, ಅದರೊಳಗೆ ಚೀಟಿ. ಹೇಳಿದರೆ ಈಗಲೇ ಕಸಿದುಕೊಂಡು ಹರಿಯುತ್ತಾರೆ. ಕೆಂಪಾದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ಅತ್ತೆ ಅದನ್ನೂ ಕಂಡಳು.

"ನಾನ್ರಿ," ಅಂದಳು. ಎರಡೂ ಅಂಗೈ ಮುಂದೆ ಹಿಡಿದು ತೋರಿಸಿದಳು. "ಓದಾಕ ಬರೂದಿಲ್ರಿ ಯವ್ವಾ. ತಿಳೀಲಿಲ್ಲ."

"ಓದು ಬಲ್ಲ ಹುಡುಗಿನ್ನ ಬಾಜೂಕ ಇಟಗೊಂಡೀಯಲ್ಲ. ಆಕಿನ್ನ ಒಂದು ಮಾತು ಕೇಳಬಾರದಿತ್ತೇನು?"

"ಕೇಳಬೇಕಿತ್ರಿ," ಅಂದಳು ಅತ್ತೆ.

ಆ ಮಾತು ಕೇಳಿಯೂ ನಾನು ಸುಮ್ಮನೆ ನಿಂತಿದ್ದೆ. ಹದಿನಾಲ್ಕು ವರ್ಷದ ಹುಡುಗಿ, ತಿಳಿವಳಿಕೆ ಇರಲಿಲ್ಲ ಎಂದು ಈಗ ಯಾರಾದರೂ ಹೇಳಬಹುದು. ತಿಳಿವಳಿಕೆ ಇತ್ತು. ಚೆನ್ನಾಗಿಯೇ ಇತ್ತು.

"ಹುಡುಗೀದು ಏನು ತಪ್ಪಿಲ್ಲ, ಚೀಟಿ ಇರಲಿ," ಎಂದರು ಯಜಮಾನರು. "ನೀ ಮಾತ್ರ ಇನ್ನ ಈ ಹೊಸ್ತಿಲಾ ತುಳೀಬ್ಯಾಡ." ಚಕ್ಕಡಿ ಕೊಡಲಿಲ್ಲ. ನಡೆಯುತ್ತಾ ಊರ ದಾರಿ ಹಿಡಿದೆವು. ಹಿಂದಿನಿಂದ ಬಂದ ಕಡಲೆ ಚೀಲದ ಗಾಡಿಯವನೊಬ್ಬ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಅತ್ತೆ ಕೇಳಿದ್ದು ಒಂದೇ ಮಾತು: "ಚೀಟಿ ಎಲ್ಲಿ ಇಟ್ಟಿ?"

"ಚೀಲದಾಗ."

"ಜ್ವಾಕಿ ಬೇ. ಬೆವರು ಹತ್ತಿ ಅಕ್ಷರ ಅಳಿಸೀತು."

ಸುದ್ದಿ ನಮಗಿಂತ ಮೊದಲೇ ತಿಕೋಟಾ ಮುಟ್ಟಿತ್ತು. ಆ ವರ್ಷ ಅವಳನ್ನು ಮತ್ತೆ ಯಾರೂ ಕರೆಯಲಿಲ್ಲ. ಮುಂದಿನ ವರ್ಷವೂ ಇಲ್ಲ. ಅಂಗೈಯ ಕೆಂಪು ನಾಲ್ಕೈದು ದಿನಕ್ಕೆ ಹೋಯಿತು, ಹೆಸರು ಹೋಗಲಿಲ್ಲ. ಓಣಿಯ ಹುಡುಗರು "ಬಣ್ಣದಾಕಿ, ಬಣ್ಣದಾಕಿ" ಎಂದು ಕೂಗಿ ಓಡುತ್ತಿದ್ದರು. ವರ್ಷಕ್ಕೊಮ್ಮೆ ಮಕ್ಕಳ ನಡುವೆ ಇರುತ್ತಿದ್ದ ಹೆಂಗಸು, ಕಂಡವರ ಹೊಲಕ್ಕೆ ಕಸ ತೆಗೆಯಲು ಕೂಲಿಗೆ ಹೋದಳು. ನಾನು ಮುಲ್ಕಿ ಪಾಸಾಗಿ ಆ ಚೀಟಿ ಹಿಡಿದು ವಿಜಾಪುರದ ಬೋರ್ಡಿಂಗು ಸೇರಿದೆ.

ಎಂಟನೇ ಇಯತ್ತೆಯಲ್ಲಿ ಇಂಗ್ಲಿಷ್ ಕೂಡಿಸಿ ಓದಲು ಬಂತು. ಒಂದು ದಿನ ಪೇಟೆಯ ಅಂಗಡಿಯಲ್ಲಿ ಅದೇ ಹೂವಿನ ಪೊಟ್ಟಣ ಕಂಡಿತು. ನಿಂತು ಓದಿದೆ. ಹತ್ತಿ, ರೇಶಿಮೆ, ಉಣ್ಣೆ ಬಟ್ಟೆಗಳಿಗೆ ಎಂದು ಸ್ಪಷ್ಟವಾಗಿ ಬರೆದಿತ್ತು. ಅಂಗಡಿಯವ "ಎಷ್ಟ ಕೊಡ್ಲಿ?" ಎಂದು ಕೇಳಿದ. ನಾನು ಪೊಟ್ಟಣವನ್ನು ಅಲ್ಲಿಯೇ ಇಟ್ಟು ಹೊರಗೆ ಬಂದೆ.

ಇನ್ನೊಂದನ್ನೂ ಬರೆಯಬೇಕು. ಕಾಲೇಜಿನ ಎರಡನೆಯ ವರ್ಷ ಬೋರ್ಡಿಂಗಿನ ಸಣ್ಣ ಹುಡುಗಿಯರಿಗೆಲ್ಲ ಒಂದು ಕೂಟ ಮಾಡಿದರು. ತಿನ್ನಲು ಏನಾದರೂ ಮಾಡು ಎಂದು ಮೇಲ್ವಿಚಾರಕಿ ನನಗೆ ಹೇಳಿದರು. ಪೇರಲ ವಡಿ ಮಾಡಿದೆ, ಬೆಲ್ಲದ ಬಣ್ಣದ್ದೇ. ಮಕ್ಕಳು ಬೆರಳು ನೆಕ್ಕಿದರು. ಆಗ ಬಬಲೇಶ್ವರದ ಹುಡುಗಿಯೊಬ್ಬಳು ಅಂದಳು: "ನಮ್ಮ ಊರಿಗೆ ತಿಕೋಟಾದಾಕಿ ಒಬ್ಬಾಕಿ ಬರತಿದ್ಲಂತ, ಹಿಂತಾವಽ ಮಾಡಾಕ. ಮಕ್ಕಳಿಗೆ ವಿಷಾ ಹಾಕಿ ಓಡಿ ಹೋದ್ಲಂತ! ಅಕ್ಕಾ, ನೀವೂ ತಿಕೋಟಾದವರ ಅಲ್ಲೇನ್ರಿ, ಆಕಿನ್ನ ನೋಡೀರೇನು?" ಎಲ್ಲರೂ ನಕ್ಕರು.

"ಇಲ್ಲ ಬೇ," ಅಂದೆ. ನಾನೂ ನಕ್ಕೆ.

ಪರೀಕ್ಷೆ ಮುಗಿಯಲಿ, ಆಮೇಲೆ ಬಬಲೇಶ್ವರಕ್ಕೆ ಹೋಗಿ ಹೇಳಿಬಿಡುತ್ತೇನೆ ಎಂದು ಪ್ರತಿ ವರ್ಷ ಅಂದುಕೊಳ್ಳುತ್ತಿದ್ದೆ. ಯಜಮಾನರಿಗೆ ಗೊತ್ತಾದರೆ ಬೋರ್ಡಿಂಗಿನಿಂದ ತೆಗೆಸುತ್ತಾರೆ ಎಂಬ ಭಯ. ಮುಂದಿನ ವರ್ಷ, ಅದರ ಮುಂದಿನ ವರ್ಷ. ರಜೆಗೆ ಊರಿಗೆ ಹೋದಾಗ ಅತ್ತೆ ರೊಟ್ಟಿ ಬಡಿದು ಹಾಕುತ್ತಿದ್ದಳು, ಓದಿನ ಬಗ್ಗೆ ಕೇಳುತ್ತಿದ್ದಳು. ಆ ದಿನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಅವಳು ಮರೆತಿದ್ದಾಳೆ ಎಂದು ನಂಬಿಕೊಂಡಿದ್ದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಪದವಿ ಪತ್ರ ಕೈಗೆ ಬಂದ ದಿನವೇ ಬಸ್ಸು ಹಿಡಿದು ತಿಕೋಟಾಕ್ಕೆ ಹೋದೆ. ಅತ್ತೆ ಹೊಲದಿಂದ ಆಗತಾನೆ ಬಂದಿದ್ದಳು. ಕೈಕಾಲು ತೊಳೆದು, ಸೆರಗಿಗೆ ಕೈ ಒರೆಸಿ, ಪಡಸಾಲೆಯ ನೆಲದ ಮೇಲೆ ಕುಳಿತಳು. ಪತ್ರವನ್ನು ಅವಳ ಎರಡೂ ಅಂಗೈ ಮೇಲೆ ಇಟ್ಟೆ. ಅವಳು ಅದನ್ನು ತುಂಬಾ ಹೊತ್ತು ನೋಡಿದಳು. ಮುದ್ರೆಯ ಮೇಲೆ ಬೆರಳಾಡಿಸಿದಳು.

"ಇದನ್ನ ಇನ್ನ ಯಾರರೆ ತಿರುಗಿ ಇಸಗೊಳ್ಳಾಕ ಬರತೈತೇನು?"

"ಇಲ್ಲ, ಅತ್ತಿ. ಯಾರಿಗೂ ಬರೂದಿಲ್ಲ."

"ಖರೇನ?"

"ಖರೇನ."

"ಹಂಗಾರ ನಾಳೆ ಬಬಲೇಶ್ವರಕ್ಕ ಹೋಗಿ ಹೇಳಿ ಬಾ, ನಮ್ಮವ್ವ. ಒಂಬತ್ತ ವರ್ಷಾತು, ನೀ ಯಾವಾಗ ಹೋಗತೀಯಂತ ನಾ ದಾರಿ ನೋಡಾಕತ್ತೇನಿ."